ಲುಡ್ವಿಗ್ ಬೀರ್ಮನ್

ಲುಡ್ವಿಗ್ ಫ್ರಾಂಜ್ ಬೆನೆಡಿಕ್ಟ್ ಬೀರ್ಮನ್ (13 ಮಾರ್ಚ್ 1907 – 12 ಜನವರಿ 1986) ಜರ್ಮನಿಯ ಖಗೋಳ ಭೌತವಿಜ್ಞಾನಿ. ಸೂರ್ಯನಿಂದ ವಿದ್ಯುದಾವೇಶವುಳ್ಳ ಕಣಗಳ ಪ್ರವಾಹವು ಎಲ್ಲ ಕಾಲದಲ್ಲಿಯೂ ಎಲ್ಲ ದಿಕ್ಕುಗಳಿಗೂ ಹರಿಯುತ್ತಿದೆ ಎಂಬುದನ್ನು ಅವರು ಧೂಮಕೇತುಗಳ ಬಾಲದ ವರ್ತನೆಯಿಂದ ತರ್ಕಿಸಿ 1951ರಲ್ಲಿ ಪ್ರಕಟಿಸಿದರು. ಈ ಪ್ರವಾಹಕ್ಕೆ ಮುಂದೆ ಸೌರಮಾರುತ ಎಂಬ ಹೆಸರು ಬಂದಿತು. ಬಾಹ್ಯಾಕಾಶ ನೌಕೆಗಳು ಇನ್ನೂ ಹುಟ್ಟದಿದ್ದ ಕಾಲದಲ್ಲಿ, ದೂರದರ್ಶಕದ ಛಾಯಾಚಿತ್ರಗಳನ್ನೂ ಲೆಕ್ಕಾಚಾರವನ್ನೂ ಮಾತ್ರ ನೆಚ್ಚಿಕೊಂಡು ಮಾಡಿದ ಈ ತರ್ಕ 20ನೆಯ ಶತಮಾನದ ಖಗೋಳ ವಿಜ್ಞಾನದ ಗಮನಾರ್ಹ ಸಾಧನೆಗಳಲ್ಲಿ ಒಂದು. ಸೂರ್ಯನ ಕಲೆಗಳು, ನಕ್ಷತ್ರಗಳ ಒಳರಚನೆ, ವಿಶ್ವದ ಕಾಂತಕ್ಷೇತ್ರಗಳ ಮೂಲ ಮುಂತಾದ ವಿಷಯಗಳಲ್ಲಿಯೂ ಅವರ ಕೊಡುಗೆಗಳು ಮಹತ್ವದವು.

ಜನನ ಮತ್ತು ವಿದ್ಯಾಭ್ಯಾಸ

ಬೀರ್ಮನ್ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದ ಹಾಮ್ ಎಂಬ ಪಟ್ಟಣದಲ್ಲಿ ಜನಿಸಿದರು. ಮ್ಯೂನಿಕ್, ಫ್ರೈಬರ್ಗ್ ಮತ್ತು ಗಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿ, 1932ರಲ್ಲಿ ಗಟಿಂಗೆನ್‌ನಿಂದ ಡಾಕ್ಟರೇಟ್ ಪದವಿ ಪಡೆದರು. ಆ ದಿನಗಳ ಗಟಿಂಗೆನ್ ಗಣಿತ ಮತ್ತು ಭೌತವಿಜ್ಞಾನಗಳ ದೊಡ್ಡ ಕೇಂದ್ರವಾಗಿತ್ತು. ಕ್ವಾಂಟಮ್ ಸಿದ್ಧಾಂತ ಅಲ್ಲಿ ರೂಪುಗೊಂಡು ಕೆಲವೇ ವರ್ಷಗಳಾಗಿದ್ದವು. ಪದವಿಯ ನಂತರ ವಿದ್ಯಾರ್ಥಿವೇತನದ ಮೇಲೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕೆಲಕಾಲವಿದ್ದು, ಬಳಿಕ ಯೇನಾ, ಬರ್ಲಿನ್ ಮತ್ತು ಹ್ಯಾಂಬರ್ಗ್‌ಗಳಲ್ಲಿ ಬೋಧನೆ ಮತ್ತು ಸಂಶೋಧನೆಗಳಲ್ಲಿ ತೊಡಗಿದರು. ಎರಡನೆಯ ಮಹಾಯುದ್ಧದ ಅವಧಿಯನ್ನು ಅವರು ಬರ್ಲಿನ್ ಬಳಿಯ ಬಾಬೆಲ್ಸ್‌ಬರ್ಗ್ ವೀಕ್ಷಣಾಲಯದಲ್ಲಿ ಕಳೆದರು.

ನಕ್ಷತ್ರಗಳ ಒಳರಚನೆ ಮತ್ತು ಸೂರ್ಯನ ಅಧ್ಯಯನ

ಬೀರ್ಮನ್ನರ ಆರಂಭದ ಸಂಶೋಧನೆ ನಕ್ಷತ್ರಗಳ ಒಡಲಿನಲ್ಲಿ ಶಾಖವು ಹೇಗೆ ಸಾಗುತ್ತದೆ ಎಂಬುದನ್ನು ಕುರಿತದ್ದು. ನಕ್ಷತ್ರದ ಗರ್ಭದಲ್ಲಿ ಹುಟ್ಟಿದ ಶಕ್ತಿ ಹೊರಕ್ಕೆ ಬರಲು ಎರಡು ಮುಖ್ಯ ದಾರಿಗಳಿವೆ. ಒಂದು, ಬೆಳಕಿನ ರೂಪದ ವಿಕಿರಣ. ಇನ್ನೊಂದು, ಒಲೆಯ ಮೇಲಿಟ್ಟ ಪಾತ್ರೆಯ ನೀರು ಕುದಿದು ಮೇಲೆ ಕೆಳಗೆ ಹೊರಳುವಂತೆ ಬಿಸಿ ಅನಿಲವೇ ಹೊರಳಾಡುವ ಸಂವಹನ. ಸಂವಹನ ನಡೆಯುವ ವಲಯಗಳಲ್ಲಿ ಶಕ್ತಿಯ ಸಾಗಣೆಯನ್ನು ಲೆಕ್ಕಹಾಕುವ ವಿಧಾನಗಳನ್ನು 1930ರ ದಶಕದಲ್ಲಿ ರೂಪಿಸಿದವರಲ್ಲಿ ಬೀರ್ಮನ್ ಪ್ರಮುಖರು.

ಇದೇ ಚಿಂತನೆಯ ಎಳೆಯಿಂದ ಸೌರಕಲೆಗಳ ವಿವರಣೆಯೂ ಹೊರಬಂದಿತು. ಸೂರ್ಯನ ಮೇಲ್ಮೈಯಲ್ಲಿ ಕಾಣುವ ಕಪ್ಪು ಕಲೆಗಳಲ್ಲಿ ಪ್ರಬಲವಾದ ಕಾಂತಕ್ಷೇತ್ರಗಳಿವೆ ಎಂಬುದು 1908ರಿಂದಲೇ ತಿಳಿದಿತ್ತು. ಆದರೆ ಆ ಭಾಗ ಸುತ್ತಲಿಗಿಂತ ಏಕೆ ತಂಪಾಗಿದೆ ಎಂಬುದು ಸ್ಪಷ್ಟವಿರಲಿಲ್ಲ. ಕಾಂತಕ್ಷೇತ್ರವು ವಿದ್ಯುದ್ವಾಹಕವಾದ ಅನಿಲದ ಹೊರಳಾಟವನ್ನು ತಡೆಯುತ್ತದೆ, ಆದ್ದರಿಂದ ಕೆಳಗಿನ ಶಾಖ ಮೇಲಕ್ಕೆ ಬರುವುದು ಕುಂಠಿತವಾಗುತ್ತದೆ ಎಂದು ಬೀರ್ಮನ್ 1941ರಲ್ಲಿ ಸೂಚಿಸಿದರು. ಈ ವಿವರಣೆಯ ತಿರುಳು ಇಂದಿಗೂ ಊರ್ಜಿತವಾಗಿದೆ.

ಸೂರ್ಯನ ಹೊರ ವಾತಾವರಣವಾದ ಕರೋನಾದ ಉಷ್ಣತೆ ಹತ್ತು ಲಕ್ಷ ಡಿಗ್ರಿಗಳಷ್ಟಿದೆ ಎಂಬುದು 1940ರ ದಶಕದ ಆರಂಭದಲ್ಲಿ ದೃಢಪಟ್ಟಿತು. ಸುಮಾರು 6,000 ಡಿಗ್ರಿಗಳ ಮೇಲ್ಮೈಯ ಮೇಲೆ ಇಷ್ಟು ಬಿಸಿಯಾದ ಪದರ ಹೇಗಿರಬಲ್ಲದು? ಮೇಲ್ಮೈಯ ಕೆಳಗಿನ ಹೊರಳಾಟದಿಂದ ಹುಟ್ಟುವ ಶಬ್ದತರಂಗಗಳು ಮೇಲಕ್ಕೆ ಸಾಗಿ, ವಿರಳ ಅನಿಲದಲ್ಲಿ ಶಕ್ತಿಯನ್ನು ಬಿಟ್ಟುಕೊಡುತ್ತವೆ ಎಂದು ಬೀರ್ಮನ್ 1940ರ ದಶಕದ ಉತ್ತರಾರ್ಧದಲ್ಲಿ ವಾದಿಸಿದರು. ಅಮೆರಿಕದಲ್ಲಿ ಮಾರ್ಟಿನ್ ಶ್ವಾರ್ಜ್‌ಚೈಲ್ಡ್ ಸ್ವತಂತ್ರವಾಗಿ ಇದೇ ಅಭಿಪ್ರಾಯಕ್ಕೆ ಬಂದರು. ಕರೋನಾವನ್ನು ಬಿಸಿಯಾಗಿಡಲು ಶಬ್ದತರಂಗಗಳಷ್ಟೇ ಸಾಲವು, ಕಾಂತಕ್ಷೇತ್ರದ ಪಾತ್ರವೇ ಮುಖ್ಯ ಎಂಬುದು ನಂತರದ ಅವಲೋಕನಗಳಿಂದ ತಿಳಿದುಬಂದಿದೆ.

ಗಟಿಂಗೆನ್ ಮತ್ತು ಮ್ಯೂನಿಕ್

ಯುದ್ಧಾನಂತರ ಜರ್ಮನಿಯ ವಿಜ್ಞಾನ ಸಂಸ್ಥೆಗಳು ಮರುಹುಟ್ಟು ಪಡೆಯುತ್ತಿದ್ದಾಗ, ವರ್ನರ್ ಹೈಸನ್‌ಬರ್ಗ್ ಗಟಿಂಗೆನ್‌ನಲ್ಲಿ ಭೌತವಿಜ್ಞಾನದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ನೇತೃತ್ವ ವಹಿಸಿದ್ದರು. 1947ರಲ್ಲಿ ಬೀರ್ಮನ್ ಅಲ್ಲಿನ ಖಗೋಳ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಆರ್ನುಲ್ಫ್ ಶ್ಲೂಟರ್, ಎಲಿಯೊನೋರೆ ಟ್ರೆಫ್ಟ್ಸ್, ರೈಮರ್ ಲೂಸ್ಟ್ ಮೊದಲಾದ ತರುಣ ವಿಜ್ಞಾನಿಗಳು ಅವರೊಡನೆ ಕೆಲಸ ಮಾಡಿದರು.

ಕೈಯಿಂದ ಲೆಕ್ಕ ಹಾಕುವ ಯಂತ್ರಗಳ ಮಿತಿಯನ್ನು ಮನಗಂಡಿದ್ದ ಬೀರ್ಮನ್, ಇಲೆಕ್ಟ್ರಾನಿಕ್ ಗಣಕಯಂತ್ರಗಳ ನಿರ್ಮಾಣಕ್ಕೆ ಬೆಂಬಲವಾಗಿ ನಿಂತರು. ಹೈಂಜ್ ಬಿಲ್ಲಿಂಗ್ ಗಟಿಂಗೆನ್‌ನಲ್ಲಿ ನಿರ್ಮಿಸಿದ ಜಿ-1 ಎಂಬ ಗಣಕ 1952ರಲ್ಲಿ ಕೆಲಸ ಆರಂಭಿಸಿತು. ಜರ್ಮನಿಯ ಮೊದಲ ಇಲೆಕ್ಟ್ರಾನಿಕ್ ಗಣಕಗಳಲ್ಲಿ ಅದೂ ಒಂದು. ಅದರ ಹಿಂದೆಯೇ ಜಿ-2 ಮತ್ತು ಜಿ-3 ಗಣಕಗಳೂ ಬಂದವು. 1958ರಲ್ಲಿ ಸಂಸ್ಥೆ ಮ್ಯೂನಿಕ್‌ಗೆ ಸ್ಥಳಾಂತರಗೊಂಡು, ಭೌತ ಮತ್ತು ಖಗೋಳ ಭೌತವಿಜ್ಞಾನಗಳ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಎಂಬ ಹೆಸರನ್ನು ಪಡೆಯಿತು. ಅದರ ಖಗೋಳ ಭೌತವಿಜ್ಞಾನ ಶಾಖೆಯ ನಿರ್ದೇಶಕರಾಗಿ ಬೀರ್ಮನ್ 1975ರಲ್ಲಿ ನಿವೃತ್ತರಾಗುವವರೆಗೂ ಸೇವೆ ಸಲ್ಲಿಸಿದರು. ಅವರ ನಂತರ ರುಡಾಲ್ಫ್ ಕಿಪ್ಪೆನ್‌ಹಾನ್ ಆ ಸ್ಥಾನಕ್ಕೆ ಬಂದರು.

ಧೂಮಕೇತುವಿನ ಬಾಲ: ಹಳೆಯ ಪ್ರಶ್ನೆ

ಬೀರ್ಮನ್ನರಿಗೆ ಕೀರ್ತಿ ತಂದ ಸಂಶೋಧನೆಯ ಬೆಲೆಯನ್ನು ಅರಿಯಲು ಅದಕ್ಕೂ ಹಿಂದಿನ ತಿಳಿವಳಿಕೆಯನ್ನು ಗಮನಿಸಬೇಕು. ಧೂಮಕೇತುವಿನ ಬಾಲ ಅದರ ಪಯಣದ ಹಿಂದಕ್ಕೆ ಚಾಚಿರುವುದಿಲ್ಲ, ಸೂರ್ಯನಿಗೆ ವಿಮುಖವಾಗಿರುತ್ತದೆ. ಸೂರ್ಯನನ್ನು ಬಳಸಿ ಹಿಂದಿರುಗುವ ಧೂಮಕೇತು ಬಾಲವನ್ನು ಮುಂದಿಟ್ಟುಕೊಂಡೇ ಸಾಗುತ್ತದೆ. ಚೀನಾದ ವೀಕ್ಷಕರು ಇದನ್ನು 9ನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಯೂರೋಪಿನಲ್ಲಿ 1531ರ ಧೂಮಕೇತುವನ್ನು ನೋಡಿ ಪೀಟರ್ ಅಪಿಯನ್ ಇದನ್ನು ದಾಖಲಿಸಿದರು. ಅದು ಮುಂದೆ ಹ್ಯಾಲಿಯ ಹೆಸರು ಪಡೆದ ಧೂಮಕೇತುವೇ ಆಗಿತ್ತು.

ಸೂರ್ಯನ ಬೆಳಕೇ ಬಾಲವನ್ನು ಹೊರಕ್ಕೆ ತಳ್ಳುತ್ತದೆ ಎಂದು 17ನೆಯ ಶತಮಾನದಲ್ಲಿ ಕೆಪ್ಲರ್ ಊಹಿಸಿದ್ದರು. 19ನೆಯ ಶತಮಾನದಲ್ಲಿ ಮ್ಯಾಕ್ಸ್‌ವೆಲ್ಲರ ಸಿದ್ಧಾಂತ ಬೆಳಕಿಗೆ ಒತ್ತಡವಿದೆ ಎಂದು ತೋರಿಸಿತು. 20ನೆಯ ಶತಮಾನದ ಆರಂಭದಲ್ಲಿ ರಷ್ಯಾದ ಲೆಬೆಡೆವ್ ಆ ಒತ್ತಡವನ್ನು ಪ್ರಯೋಗಾಲಯದಲ್ಲಿ ಅಳೆದರು. ಅಲ್ಲಿಗೆ ಪ್ರಶ್ನೆ ಬಗೆಹರಿಯಿತೆಂದೇ ಅನೇಕರು ಭಾವಿಸಿದರು.

ಆದರೆ ಧೂಮಕೇತುಗಳಿಗೆ ಸಾಮಾನ್ಯವಾಗಿ ಎರಡು ಬಗೆಯ ಬಾಲಗಳಿರುತ್ತವೆ. ಒಂದು ಅಗಲವಾಗಿ, ಬಾಗಿ, ಹಳದಿ ಛಾಯೆಯಿಂದ ಕೂಡಿದ ಧೂಳಿನ ಬಾಲ. ಬೆಳಕಿನ ಒತ್ತಡ ಇದನ್ನು ಚೆನ್ನಾಗಿ ವಿವರಿಸುತ್ತದೆ. ಇನ್ನೊಂದು ನೇರವಾಗಿ, ಕಿರಿದಾಗಿ, ನೀಲಿ ಛಾಯೆಯಿಂದ ಹೊಳೆಯುವ ಬಾಲ. ಇದರ ರೋಹಿತವನ್ನು ಪರೀಕ್ಷಿಸಿದಾಗ ಇಂಗಾಲದ ಮಾನಾಕ್ಸೈಡ್‌ನ ಅಯಾನುಗಳು, ಎಂದರೆ ಇಲೆಕ್ಟ್ರಾನ್ ಕಳೆದುಕೊಂಡು ಧನ ವಿದ್ಯುದಾವೇಶ ಪಡೆದ ಅಣುಗಳು, ಕಂಡುಬಂದವು. ಆದ್ದರಿಂದ ಇದನ್ನು ಅಯಾನು ಬಾಲ ಎನ್ನುತ್ತಾರೆ. ಇಂಥ ಅಯಾನುಗಳೂ ಮುಕ್ತ ಇಲೆಕ್ಟ್ರಾನುಗಳೂ ಬೆರೆತ ಅನಿಲಕ್ಕೆ ಪ್ಲಾಸ್ಮಾ ಎಂದು ಹೆಸರು. 1908ರ ಮೋರ್‌ಹೌಸ್ ಧೂಮಕೇತುವಿನ ಛಾಯಾಚಿತ್ರಗಳಲ್ಲಿ ಈ ಬಾಲ ಗಂಟುಗಂಟಾಗಿ, ಎಳೆಎಳೆಯಾಗಿ, ಒಂದೇ ರಾತ್ರಿಯಲ್ಲಿ ರೂಪ ಬದಲಿಸುವುದು ದಾಖಲಾಗಿತ್ತು. ಗಂಟುಗಳ ಚಲನೆಯನ್ನು ಅಳೆದಾಗ, ಸೂರ್ಯನ ಗುರುತ್ವಕ್ಕಿಂತ ನೂರು ಪಟ್ಟು ಮತ್ತು ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಿನ ಬಲ ಅವನ್ನು ಹೊರಕ್ಕೆ ದೂಡುತ್ತಿರುವುದು ತಿಳಿಯಿತು.

1951ರ ಪ್ರಬಂಧ

ಬೀರ್ಮನ್ ಮೊದಲು ಮಾಡಿದ್ದು ಬೆಳಕಿನ ಒತ್ತಡದ ಲೆಕ್ಕವನ್ನು ಮರುಪರಿಶೀಲಿಸುವ ಕೆಲಸ. ಒಂದು ಅಯಾನು ತನಗೆ ಒಗ್ಗುವ ಕೆಲವೇ ಬಣ್ಣಗಳ ಬೆಳಕನ್ನು ಮಾತ್ರ ಹೀರಬಲ್ಲದು. ಹೀಗೆ ಹೀರಿದ ಬೆಳಕಿನಿಂದ ಅದಕ್ಕೆ ದೊರೆಯುವ ತಳ್ಳುವಿಕೆ, ಗಂಟುಗಳ ಚಲನೆಗೆ ಬೇಕಾದ ಬಲಕ್ಕಿಂತ ಬಹಳ ಕಡಿಮೆ ಎಂಬುದು ಅವರಿಗೆ ಖಚಿತವಾಯಿತು. ಬೆಳಕಲ್ಲದ ಬೇರೊಂದು ಕಾರಣ ಬೇಕಿತ್ತು.

ಎರಡನೆಯ ಸುಳಿವು ಬಾಲದ ದಿಕ್ಕಿನಲ್ಲಿತ್ತು. ಜರ್ಮನಿಯ ಕೂನೋ ಹೋಫ್‌ಮೈಸ್ಟರ್ ಅನೇಕ ಧೂಮಕೇತುಗಳ ಅಯಾನು ಬಾಲಗಳನ್ನು ಅಳೆದು, ಅವು ಸೂರ್ಯನಿಗೆ ನೇರ ವಿಮುಖವಾಗಿರದೆ ಕೆಲವು ಡಿಗ್ರಿಗಳಷ್ಟು ಹಿಂದಕ್ಕೆ ವಾಲಿರುವುದನ್ನು 1943ರಲ್ಲಿ ಪ್ರಕಟಿಸಿದ್ದರು. ಗಾಳಿಯಿಲ್ಲದ ಮಳೆಯಲ್ಲಿ ಓಡುವವನಿಗೆ ಹನಿಗಳು ಎದುರಿನಿಂದ ಓರೆಯಾಗಿ ಬೀಳುವಂತೆ ತೋರುತ್ತವೆ. ಓರೆ ಎಷ್ಟೆಂಬುದು ಹನಿಯ ವೇಗ ಮತ್ತು ಓಡುವವನ ವೇಗಗಳ ಅನುಪಾತವನ್ನು ಅವಲಂಬಿಸಿದೆ. ಧೂಮಕೇತುವಿನ ಅಡ್ಡ ಚಲನೆ ಸೆಕೆಂಡಿಗೆ ಸುಮಾರು 40 ಕಿಲೋಮೀಟರ್ ಎಂದಿಟ್ಟುಕೊಂಡರೆ, 5 ಡಿಗ್ರಿಗಳ ಓರೆಗೆ ಸೂರ್ಯನಿಂದ ಬರುವ ವಸ್ತು ಸೆಕೆಂಡಿಗೆ ಸುಮಾರು 450 ಕಿಲೋಮೀಟರ್ ವೇಗದಲ್ಲಿರಬೇಕು. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಧಾವಿಸುವ ಬೆಳಕಿನಿಂದ ಇಷ್ಟು ಓರೆ ಉಂಟಾಗಲಾರದು.

ಸೂರ್ಯನಿಂದ ಕಣಗಳು ಬರುತ್ತವೆ ಎಂಬ ಕಲ್ಪನೆ ಹೊಸದಾಗಿರಲಿಲ್ಲ. ಸೌರಸ್ಫೋಟಗಳಾದ ಒಂದೆರಡು ದಿನಗಳಲ್ಲಿ ಭೂಮಿಯ ಕಾಂತಕ್ಷೇತ್ರ ಕದಡುವುದನ್ನು ಕಂಡು, ಆಗೊಮ್ಮೆ ಈಗೊಮ್ಮೆ ಕಣಗಳ ಮೋಡಗಳು ಸಿಡಿದು ಬರುತ್ತವೆ ಎಂದು ಸಿಡ್ನಿ ಚಾಪ್‌ಮನ್ ಮೊದಲಾದವರು ಹೇಳಿದ್ದರು. ಎರಡು ಮೋಡಗಳ ನಡುವೆ ಗ್ರಹಗಳ ನಡುವಣ ಅವಕಾಶ ಬಹುತೇಕ ಬರಿದಾಗಿರುತ್ತದೆ ಎಂಬುದು ಅಂದಿನ ನಂಬಿಕೆ. ಬೀರ್ಮನ್ ಈ ನಂಬಿಕೆಯನ್ನೇ ಪ್ರಶ್ನಿಸಿದರು. ಧೂಮಕೇತುಗಳು ಗ್ರಹಗಳಂತೆ ಒಂದೇ ಸಮತಲದಲ್ಲಿ ಸುತ್ತುವುದಿಲ್ಲ, ಎಲ್ಲ ದಿಕ್ಕುಗಳಿಂದಲೂ ಬರುತ್ತವೆ. ಸೂರ್ಯ ಶಾಂತವಾಗಿರುವ ವರ್ಷಗಳಲ್ಲಿಯೂ ಬರುತ್ತವೆ. ಆದರೂ ಅವುಗಳ ಅಯಾನು ಬಾಲ ಯಾವಾಗಲೂ ಸೂರ್ಯನಿಂದ ಹೊರಮುಖವಾಗಿಯೇ ಇರುತ್ತದೆ. ಆದ್ದರಿಂದ ಕಣಗಳ ಪ್ರವಾಹ ಬಿಟ್ಟುಬಿಟ್ಟು ಬರುವುದಲ್ಲ, ನಿರಂತರವಾದುದು. ಒಂದು ಕಡೆಗೆ ಹರಿಯುವುದಲ್ಲ, ಸರ್ವದಿಕ್ಕುಗಳಿಗೂ ಹರಿಯುವುದು ಎಂಬ ನಿರ್ಣಯಕ್ಕೆ ಅವರು ಬಂದರು. ಧೂಮಕೇತುಗಳ ಬಾಲ ಮತ್ತು ಸೌರಕಣ ವಿಕಿರಣವನ್ನು ಕುರಿತ ಈ ಪ್ರಬಂಧ 1951ರಲ್ಲಿ ಜರ್ಮನ್ ಭಾಷೆಯ ಖಗೋಳ ಭೌತವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು.

ಆಕ್ಷೇಪ ಮತ್ತು ತಿದ್ದುಪಡಿ

ಪ್ರಬಂಧದ ಮುಖ್ಯ ನಿರ್ಣಯ ಸರಿಯಾಗಿದ್ದರೂ ಅದರ ಒಂದು ಭಾಗ ದುರ್ಬಲವಾಗಿತ್ತು. ಸೌರಕಣಗಳು ಧೂಮಕೇತುವಿನ ಅಯಾನುಗಳಿಗೆ ತಮ್ಮ ವೇಗವನ್ನು ಹೇಗೆ ಹಂಚುತ್ತವೆ? ವಿದ್ಯುದಾವೇಶವುಳ್ಳ ಕಣಗಳ ನಡುವಿನ ಘರ್ಷಣೆಯೇ ಇದಕ್ಕೆ ಕಾರಣ ಎಂದು ಬೀರ್ಮನ್ ಭಾವಿಸಿದರು. ಈ ಘರ್ಷಣೆ ಬಹಳ ಕ್ಷೀಣವಾದುದರಿಂದ, ಕಂಡ ಚಲನೆಯನ್ನು ವಿವರಿಸಲು ಅಪಾರ ಸಂಖ್ಯೆಯ ಕಣಗಳು ಬೇಕಾದವು. ಭೂಮಿಯ ದೂರದಲ್ಲಿ ಪ್ರತಿ ಘನ ಸೆಂಟಿಮೀಟರಿಗೆ ನೂರಾರು ಕಣಗಳಿರಬೇಕೆಂದು ಅವರ ಅಂದಾಜು. ಮುಂದೆ ನೌಕೆಗಳು ಅಳೆದು ಕಂಡ ಸಂಖ್ಯೆ ಸಾಮಾನ್ಯವಾಗಿ 5ರಿಂದ 10ರಷ್ಟು ಮಾತ್ರ.

ಈ ಕೊರತೆಯನ್ನು ತುಂಬಿದವರು ಸ್ವೀಡನ್ನಿನ ಹಾನೆಸ್ ಆಲ್ಫ್ವೆನ್. ಸೌರಪ್ರವಾಹ ತನ್ನೊಡನೆ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ, ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆಯೇ ಆ ಕ್ಷೇತ್ರದ ಮೂಲಕ ವೇಗ ವರ್ಗಾವಣೆಯಾಗುತ್ತದೆ ಎಂದು ಅವರು 1957ರಲ್ಲಿ ತೋರಿಸಿದರು. ಧೂಮಕೇತುವಿನ ತಲೆಯ ಬಳಿ ಪ್ರವಾಹ ನಿಧಾನವಾಗುತ್ತದೆ, ಅಕ್ಕಪಕ್ಕದಲ್ಲಿ ಅದೇ ವೇಗದಿಂದ ಸಾಗುತ್ತದೆ. ಆದ್ದರಿಂದ ಕಾಂತರೇಖೆಗಳು ಕಂಬಕ್ಕೆ ಸಿಕ್ಕಿದ ದಾರದಂತೆ ತಲೆಯನ್ನು ಬಳಸಿ, ಎರಡೂ ಪಕ್ಕಗಳಿಂದ ಹಿಂದಕ್ಕೆ ಚಾಚಿಕೊಳ್ಳುತ್ತವೆ. ಅಯಾನು ಬಾಲದಲ್ಲಿ ಕಾಣುವ ನೇರ ಎಳೆಗಳಿಗೂ ಇದರಿಂದ ಅರ್ಥ ದೊರೆಯಿತು. ಬೀರ್ಮನ್ನರ ಪ್ರವಾಹ ಉಳಿಯಿತು, ಅವರು ಕೊಟ್ಟ ಸಾಂದ್ರತೆ ಬಿದ್ದುಹೋಯಿತು.

ಪಾರ್ಕರ್ ಮತ್ತು ಸೌರಮಾರುತ

1950ರ ದಶಕದ ಮಧ್ಯಭಾಗದಲ್ಲಿ ಬೀರ್ಮನ್ ಷಿಕಾಗೋಗೆ ಭೇಟಿಯಿತ್ತಾಗ, ಅಲ್ಲಿನ ತರುಣ ಭೌತವಿಜ್ಞಾನಿ ಯೂಜೀನ್ ಪಾರ್ಕರ್ ಅವರೊಡನೆ ಚರ್ಚಿಸಿದರು. ಇದೇ ಸುಮಾರಿಗೆ ಚಾಪ್‌ಮನ್, ಸೂರ್ಯನ ಬಿಸಿ ಕರೋನಾ ಭೂಮಿಯನ್ನೂ ದಾಟಿ ನಿಶ್ಚಲವಾಗಿ ಹರಡಿಕೊಂಡಿದೆ ಎಂದು ಲೆಕ್ಕಹಾಕಿದ್ದರು. ನಿಶ್ಚಲವಾದ ವಾತಾವರಣ ಮತ್ತು ರಭಸದ ಪ್ರವಾಹ ಒಂದೇ ಜಾಗದಲ್ಲಿ ಒಟ್ಟಿಗೆ ಇರಲಾರವು. ಎರಡೂ ಒಂದೇ ವಸ್ತುವಿನ ಎರಡು ಅವಸ್ಥೆಗಳಿರಬೇಕು ಎಂದು ಪಾರ್ಕರ್ ಕಂಡುಕೊಂಡರು. ಸೂರ್ಯನ ಸಮೀಪದಲ್ಲಿ ಬಹುತೇಕ ನಿಂತಂತಿರುವ ಕರೋನಾ, ದೂರ ಸರಿದಂತೆ ಹಿಗ್ಗುತ್ತ ಶಬ್ದದ ವೇಗವನ್ನೂ ಮೀರಿ ಹೊರಕ್ಕೆ ಹರಿಯುತ್ತದೆ ಎಂದು ಅವರ ಸಮೀಕರಣಗಳು ಹೇಳಿದವು. ಸೌರಮಾರುತ ಎಂಬ ಹೆಸರನ್ನಿತ್ತವರೂ ಪಾರ್ಕರ್ ಅವರೇ.

ಪಾರ್ಕರ್ ಅವರ ಪ್ರಬಂಧವನ್ನು ಪರಿಶೀಲಿಸಿದ ಇಬ್ಬರು ತಜ್ಞರೂ ಅದನ್ನು ತಿರಸ್ಕರಿಸಬೇಕೆಂದರು. ಪತ್ರಿಕೆಯ ಸಂಪಾದಕರಾಗಿದ್ದವರು ಭಾರತ ಮೂಲದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಈ ವಿಚಾರ ಹಿಡಿಸಿರಲಿಲ್ಲ. ಆದರೆ ಗಣಿತದಲ್ಲಿ ದೋಷವನ್ನು ಯಾರೂ ತೋರಿಸಿಲ್ಲವೆಂಬ ಕಾರಣದಿಂದ ಅದನ್ನು 1958ರಲ್ಲಿ ಪ್ರಕಟಿಸಿದರು.

ಪ್ರತ್ಯಕ್ಷ ಪ್ರಮಾಣ ಬಹುಬೇಗ ದೊರೆಯಿತು. 1959ರಲ್ಲಿ ಸೋವಿಯತ್ ಒಕ್ಕೂಟದ ಲೂನಾ ನೌಕೆಗಳ ಉಪಕರಣಗಳು ಸೌರಕಣಗಳನ್ನು ಹಿಡಿದವು. 1962ರಲ್ಲಿ ಶುಕ್ರಗ್ರಹದತ್ತ ಹೊರಟ ಅಮೆರಿಕದ ಮ್ಯಾರಿನರ್-2 ನೌಕೆ ತಿಂಗಳುಗಟ್ಟಲೆ ಅಳತೆ ಮಾಡಿ, ಪ್ರವಾಹ ಒಂದು ದಿನವೂ ನಿಲ್ಲದೆ ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಹರಿಯುತ್ತಿರುವುದನ್ನು ತೋರಿಸಿತು. ಹನ್ನೊಂದು ವರ್ಷಗಳ ಹಿಂದೆ ಧೂಮಕೇತುಗಳನ್ನು ನೋಡಿ ಮಾಡಿದ್ದ ಅನುಮಾನ ಹೀಗೆ ದೃಢಪಟ್ಟಿತು.

ಧೂಮಕೇತುವಿನ ವಾತಾವರಣ ಮತ್ತು ಸೌರಮಾರುತ

ಸೌರಮಾರುತದ ಇರವು ಖಚಿತವಾದ ಮೇಲೆ ಬೀರ್ಮನ್ ಪ್ರಶ್ನೆಯನ್ನು ತಿರುಗಿಸಿ ಕೇಳಿದರು. ಈ ಮಾರುತ ಧೂಮಕೇತುವಿಗೆ ಎದುರಾದಾಗ ಮಾರುತಕ್ಕೆ ಏನಾಗುತ್ತದೆ? ಬಿ. ಬ್ರೊಸೊವ್‌ಸ್ಕಿ ಮತ್ತು ಎಚ್. ಯು. ಷ್ಮಿಟ್ ಅವರೊಡನೆ 1967ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಉತ್ತರ ನೀಡಿತು.

ಧೂಮಕೇತುವಿನ ನಾಭಿ ಕೆಲವೇ ಕಿಲೋಮೀಟರ್ ಗಾತ್ರದ, ಮಂಜು ಮತ್ತು ಧೂಳುಗಳ ಮುದ್ದೆ. ಅದಕ್ಕೆ ಭೂಮಿಯಂತೆ ಕಾಂತಕ್ಷೇತ್ರದ ರಕ್ಷಣೆಯಿಲ್ಲ. ಅನಿಲವನ್ನು ಹಿಡಿದಿಡುವಷ್ಟು ಗುರುತ್ವವೂ ಇಲ್ಲ. ಸೂರ್ಯನ ಶಾಖಕ್ಕೆ ಮಂಜು ಆವಿಯಾಗಿ ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹರಡುತ್ತದೆ. ಈ ಅನಿಲಕ್ಕೆ ವಿದ್ಯುದಾವೇಶವಿಲ್ಲದಿರುವುದರಿಂದ ಸೌರಮಾರುತದ ಕಾಂತಕ್ಷೇತ್ರ ಅದನ್ನು ಮುಟ್ಟಲಾರದು. ಭೂಮಿಯಷ್ಟು ದೂರದಲ್ಲಿ, ಸೂರ್ಯನ ನೇರಳಾತೀತ ಕಿರಣಗಳಿಂದ ಈ ಅಣುಗಳು ಅಯಾನುಗಳಾಗಲು ಸುಮಾರು ಹತ್ತು ಲಕ್ಷ ಸೆಕೆಂಡುಗಳು ಬೇಕು. ಅಷ್ಟರಲ್ಲಿ ಅವು ಹತ್ತು ಲಕ್ಷ ಕಿಲೋಮೀಟರ್ ಸಾಗಿರುತ್ತವೆ. ಹೀಗೆ ಒಂದು ಪಟ್ಟಣದಷ್ಟು ದೊಡ್ಡದಾದ ನಾಭಿ, ಸೂರ್ಯನ ವ್ಯಾಸಕ್ಕೆ ಹೋಲಿಸಬಹುದಾದ ವಿಸ್ತಾರದಲ್ಲಿ ತನ್ನ ಇರವನ್ನು ಸೌರಮಾರುತಕ್ಕೆ ತಿಳಿಸುತ್ತದೆ.

ಅಣುವೊಂದು ಅಯಾನಾದ ಕ್ಷಣದಲ್ಲಿಯೇ ಮಾರುತದ ಕಾಂತಕ್ಷೇತ್ರ ಅದನ್ನು ಹಿಡಿದು ಸೆಳೆದೊಯ್ಯುತ್ತದೆ. ಸೌರಮಾರುತದ ಬಹುಪಾಲು ಅಯಾನುಗಳು ಹಗುರವಾದ ಪ್ರೋಟಾನುಗಳು. ನೀರಿನ ಅಯಾನು ಅದಕ್ಕಿಂತ 18 ಪಟ್ಟು, ಇಂಗಾಲದ ಮಾನಾಕ್ಸೈಡ್ ಅಯಾನು 28 ಪಟ್ಟು ಭಾರ. ಓಡುವ ಗಾಡಿಗೆ ದಾರಿಯುದ್ದಕ್ಕೂ ಮೂಟೆಗಳನ್ನು ಏರಿಸುತ್ತ ಹೋದಂತೆ, ಮಾರುತ ಭಾರವಾಗಿ ನಿಧಾನಿಸುತ್ತದೆ. ಹೊರೆ ಒಂದು ಮಿತಿಯನ್ನು ಮುಟ್ಟಿದಾಗ ಸುಗಮವಾದ ಹರಿವು ಸಾಧ್ಯವಿಲ್ಲ. ಧೂಮಕೇತುವಿನ ಮುಂದೆ ಬಿಲ್ಲಿನಾಕಾರದ ಆಘಾತ ತರಂಗವೊಂದು ಏರ್ಪಡಲೇಬೇಕು ಎಂದು 1967ರ ಲೆಕ್ಕಾಚಾರ ತೋರಿಸಿತು. ಭೂಮಿಯ ಮುಂದೆಯೂ ಇಂಥ ಆಘಾತ ತರಂಗವಿದೆ. ಆದರೆ ಅಲ್ಲಿ ಮಾರುತಕ್ಕೆ ಅಡ್ಡವಾಗುವುದು ಗಟ್ಟಿಯಾದ ಕಾಂತಕವಚ. ಧೂಮಕೇತುವಿನಲ್ಲಿ ಹರಡಿಕೊಂಡ ವಿರಳ ಅನಿಲವೇ ಅಡ್ಡಿಯಾದುದರಿಂದ ಆಘಾತ ಮೃದುವಾಗಿರುತ್ತದೆ.

ಜಲಜನಕದ ಮೋಡ

ಧೂಮಕೇತುಗಳಲ್ಲಿ ಕಾಣುವ ಆಮ್ಲಜನಕದ ಕೆಂಪು ರೋಹಿತರೇಖೆಗಳನ್ನು ಬೀರ್ಮನ್ ಮತ್ತು ಟ್ರೆಫ್ಟ್ಸ್ 1964ರಲ್ಲಿ ಅಧ್ಯಯನ ಮಾಡಿ, ನಾಭಿಯಿಂದ ಹೊರಬೀಳುವ ಅನಿಲದ ಪ್ರಮಾಣ ಅಲ್ಲಿಯವರೆಗೆ ನಂಬಿದ್ದಕ್ಕಿಂತ ಬಹಳ ಹೆಚ್ಚೆಂದು ವಾದಿಸಿದರು. ಆ ಅನಿಲದ ಬಹುಪಾಲು ನೀರಿನ ಆವಿಯಾಗಿದ್ದರೆ, ಅದು ಒಡೆದಾಗ ಜಲಜನಕದ ಪರಮಾಣುಗಳು ಬಿಡುಗಡೆಯಾಗಬೇಕು. ಧೂಮಕೇತುಗಳ ಸುತ್ತ ಬೃಹತ್ತಾದ ಜಲಜನಕದ ಮೋಡವಿದ್ದು ಅದು ನೇರಳಾತೀತ ಬೆಳಕಿನಲ್ಲಿ ಹೊಳೆಯಬೇಕು ಎಂದು ಬೀರ್ಮನ್ 1968ರಲ್ಲಿ ಮುನ್ನುಡಿದರು. ಭೂಮಿಯ ವಾತಾವರಣ ಈ ಬೆಳಕನ್ನು ತಡೆಯುವುದರಿಂದ ಅದನ್ನು ನೆಲದಿಂದ ನೋಡಲಾಗದು. 1970ರಲ್ಲಿ ಅಮೆರಿಕದ ಉಪಗ್ರಹಗಳು ಟಾಗೋ-ಸಾಟೋ-ಕೊಸಾಕಾ ಮತ್ತು ಬೆನೆಟ್ ಧೂಮಕೇತುಗಳ ಸುತ್ತ ಅಂಥ ಮೋಡಗಳನ್ನು ಕಂಡವು. ಅವುಗಳ ವಿಸ್ತಾರ ಸೂರ್ಯನ ವ್ಯಾಸವನ್ನೂ ಮೀರಿತ್ತು.

ಕೃತಕ ಧೂಮಕೇತು

ಕಾದು ನೋಡುವುದಷ್ಟೇ ಖಗೋಳ ವಿಜ್ಞಾನಿಯ ಪಾಲಿಗೆ ಉಳಿದ ದಾರಿಯಲ್ಲ ಎಂಬುದು ಬೀರ್ಮನ್ನರ ನಿಲುವಾಗಿತ್ತು. ಬಾಹ್ಯಾಕಾಶದಲ್ಲಿ ಬೇರಿಯಂನಂಥ ಲೋಹದ ಆವಿಯನ್ನು ಬಿಡುಗಡೆ ಮಾಡಿದರೆ, ಸೂರ್ಯನ ಬೆಳಕಿಗೆ ಅದು ಬೇಗನೆ ಅಯಾನುಗಳಾಗಿ ಸಣ್ಣದೊಂದು ಅಯಾನು ಬಾಲವನ್ನೇ ತೋರುತ್ತದೆ. ಇಂಥ ಕೃತಕ ಬಾಲಗಳಿಂದ ಗ್ರಹಗಳ ನಡುವಣ ಅವಕಾಶವನ್ನು ಪರೀಕ್ಷಿಸುವ ಯೋಜನೆಯನ್ನು ಅವರು ಲೂಸ್ಟ್ ಮೊದಲಾದವರೊಡನೆ 1961ರಲ್ಲಿ ಮಂಡಿಸಿದರು. ಮ್ಯೂನಿಕ್ ಬಳಿಯ ಗಾರ್ಚಿಂಗ್‌ನ ವಿಜ್ಞಾನಿಗಳು ಈ ವಿಧಾನವನ್ನು ರಾಕೆಟ್‌ಗಳಲ್ಲಿ ಬೆಳೆಸಿದರು. 27 ಡಿಸೆಂಬರ್ 1984ರಂದು, ಆಂಪ್ಟೆ ಎಂಬ ಅಂತರರಾಷ್ಟ್ರೀಯ ಯೋಜನೆಯ ಜರ್ಮನ್ ಉಪಗ್ರಹ ಭೂಮಿಯ ಕಾಂತಕವಚದ ಹೊರಗೆ, ನೇರವಾಗಿ ಸೌರಮಾರುತದಲ್ಲಿಯೇ ಬೇರಿಯಂ ಮೋಡವನ್ನು ಬಿಟ್ಟಿತು. ಕೆಲವು ನಿಮಿಷಗಳ ಕಾಲ ಬಾಳಿದ ಅದು ಮನುಷ್ಯ ನಿರ್ಮಿತವಾದ ಮೊದಲ ಧೂಮಕೇತು ಎನಿಸಿಕೊಂಡಿತು.

ಕಾಂತಕ್ಷೇತ್ರಗಳ ಮೂಲ

ವಿಶ್ವದಲ್ಲಿ ಮೊಟ್ಟಮೊದಲ ಕಾಂತಕ್ಷೇತ್ರ ಹೇಗೆ ಹುಟ್ಟಿತು ಎಂಬ ಪ್ರಶ್ನೆಗೂ ಬೀರ್ಮನ್ 1950ರಲ್ಲಿ ಉತ್ತರವೊಂದನ್ನು ನೀಡಿದರು. ಪ್ಲಾಸ್ಮಾದಲ್ಲಿ ಇಲೆಕ್ಟ್ರಾನುಗಳು ಅಯಾನುಗಳಿಗಿಂತ ಬಹಳ ಹಗುರ. ಒತ್ತಡ ಹೆಚ್ಚುವ ದಿಕ್ಕು ಮತ್ತು ಸಾಂದ್ರತೆ ಹೆಚ್ಚುವ ದಿಕ್ಕು ಬೇರೆಬೇರೆಯಾದಾಗ ಇಲೆಕ್ಟ್ರಾನುಗಳು ಸುತ್ತುಗಟ್ಟಿ ಹರಿದು ವಿದ್ಯುತ್ಪ್ರವಾಹ ಏರ್ಪಡುತ್ತದೆ. ಅದರಿಂದ ಕ್ಷೀಣವಾದ ಕಾಂತಕ್ಷೇತ್ರ ಹುಟ್ಟುತ್ತದೆ. ಬೀರ್ಮನ್ ಬ್ಯಾಟರಿ ಎಂದು ಹೆಸರಾದ ಈ ಕ್ರಿಯೆ, ಗೆಲಾಕ್ಸಿಗಳ ಕಾಂತಕ್ಷೇತ್ರಗಳಿಗೆ ಬೀಜವಾಗಿರಬಹುದೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ಪ್ರಬಲ ಲೇಸರ್‌ಗಳ ಪ್ರಯೋಗಗಳಲ್ಲಿಯೂ ಇದು ಕಂಡುಬಂದಿದೆ.

ಕೊನೆಯ ವರ್ಷಗಳು

ನಿವೃತ್ತಿಯ ನಂತರವೂ ಬೀರ್ಮನ್ ಧೂಮಕೇತುಗಳ ಅಧ್ಯಯನವನ್ನು ಬಿಡಲಿಲ್ಲ. 11 ಸೆಪ್ಟೆಂಬರ್ 1985ರಂದು ಅಮೆರಿಕದ ಐಸ್ ನೌಕೆ ಜಿಯಾಕೊಬಿನಿ-ಜಿನ್ನರ್ ಧೂಮಕೇತುವಿನ ಬಾಲವನ್ನು ಹಾದುಹೋಯಿತು. ಧೂಮಕೇತುವೊಂದನ್ನು ನೌಕೆ ಸಮೀಪಿಸಿದ್ದು ಅದೇ ಮೊದಲು. ಬಾಲದ ಎರಡು ಭಾಗಗಳಲ್ಲಿ ಪರಸ್ಪರ ವಿರುದ್ಧ ದಿಕ್ಕಿನ ಕಾಂತಕ್ಷೇತ್ರಗಳಿರುವುದನ್ನು ಅದು ಅಳೆದು, ಕಾಂತರೇಖೆಗಳು ತಲೆಯನ್ನು ಬಳಸಿ ಹಿಂದಕ್ಕೆ ಚಾಚುತ್ತವೆ ಎಂಬ ಚಿತ್ರವನ್ನು ದೃಢಪಡಿಸಿತು.

ಹ್ಯಾಲಿ ಧೂಮಕೇತುವನ್ನು ಎದುರುಗೊಳ್ಳಲು ಯೂರೋಪಿನ ಜೊಟ್ಟೊ ನೌಕೆ ಜುಲೈ 1985ರಲ್ಲಿಯೇ ಹೊರಟಿತ್ತು. ಅದರ ಫಲಿತಾಂಶವನ್ನು ನೋಡಲು ಬೀರ್ಮನ್ ಉಳಿಯಲಿಲ್ಲ. 12 ಜನವರಿ 1986ರಂದು ಮ್ಯೂನಿಕ್‌ನಲ್ಲಿ ಅವರು ನಿಧನರಾದರು. ಎರಡು ತಿಂಗಳ ನಂತರ, ಮಾರ್ಚ್ 13ರ ಸಂಜೆ, ಜೊಟ್ಟೊ ನೌಕೆ ಹ್ಯಾಲಿಯ ನಾಭಿಯಿಂದ ಸುಮಾರು 11 ಲಕ್ಷ ಕಿಲೋಮೀಟರ್ ದೂರದಲ್ಲಿ ಆಘಾತ ತರಂಗವನ್ನು ದಾಟಿತು. ಬೀರ್ಮನ್ ಬದುಕಿದ್ದರೆ ಅಂದು ಅವರಿಗೆ 79 ವರ್ಷ ತುಂಬುತ್ತಿತ್ತು. ನಡುರಾತ್ರಿ ಕಳೆದ ಕೆಲವು ನಿಮಿಷಗಳಲ್ಲಿ ನೌಕೆ ನಾಭಿಯಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ನಾಭಿಯ ಸುತ್ತಲಿನ ಸುಮಾರು 4,700 ಕಿಲೋಮೀಟರ್ ತ್ರಿಜ್ಯದ ಒಳವಲಯದಲ್ಲಿ ಕಾಂತಕ್ಷೇತ್ರವೇ ಇಲ್ಲದಿರುವುದನ್ನು ಅದು ಕಂಡಿತು. ಹೊರಮುಖವಾಗಿ ಹರಿಯುವ ಧೂಮಕೇತುವಿನ ಅನಿಲ ಸೌರಮಾರುತದ ಕಾಂತಕ್ಷೇತ್ರವನ್ನು ಅಲ್ಲಿಗೇ ತಡೆದು ನಿಲ್ಲಿಸಿತ್ತು.

ಪ್ರಶಸ್ತಿ ಮತ್ತು ಗೌರವಗಳು

ಬೀರ್ಮನ್ನರಿಗೆ 1967ರಲ್ಲಿ ಬ್ರೂಸ್ ಪದಕವೂ 1974ರಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕವೂ ದೊರೆತವು. 73640ನೆಯ ಕ್ಷುದ್ರಗ್ರಹಕ್ಕೆ ಅವರ ಹೆಸರನ್ನಿಡಲಾಗಿದೆ. ಜರ್ಮನಿಯ ಖಗೋಳ ಸಂಘ ಯುವ ವಿಜ್ಞಾನಿಗಳಿಗೆ 1989ರಿಂದ ಲುಡ್ವಿಗ್ ಬೀರ್ಮನ್ ಪ್ರಶಸ್ತಿಯನ್ನು ನೀಡುತ್ತಿದೆ. ಅವರ ಪುತ್ರ ಪೀಟರ್ ಬೀರ್ಮನ್ ಕೂಡ ಖಗೋಳ ಭೌತವಿಜ್ಞಾನಿ.

ಪ್ರಭಾವ

ಸೌರಮಾರುತದ ಅಧ್ಯಯನ ಇಂದು ಉಪಗ್ರಹಗಳ ಸುರಕ್ಷತೆ, ವಿದ್ಯುತ್ ಜಾಲಗಳ ರಕ್ಷಣೆ ಮುಂತಾದ ಪ್ರಾಯೋಗಿಕ ಕ್ಷೇತ್ರಗಳಿಗೂ ಹಬ್ಬಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ ಸಂಸ್ಥೆ 2 ಸೆಪ್ಟೆಂಬರ್ 2023ರಂದು ಹಾರಿಬಿಟ್ಟ ಆದಿತ್ಯ-ಎಲ್1 ನೌಕೆಯಲ್ಲಿಯೂ ಸೌರಮಾರುತದ ಕಣಗಳನ್ನು ಅಳೆಯುವ ಉಪಕರಣಗಳಿವೆ. ಅಂಥ ನೌಕೆಗಳು ತಾವಿರುವ ಜಾಗದ ಮಾರುತವನ್ನು ಮಾತ್ರ ಅಳೆಯಬಲ್ಲವು. ಅವು ಹೋಗದ ಕಡೆಗಳಲ್ಲಿ ಧೂಮಕೇತುಗಳ ಬಾಲಗಳು ಇಂದಿಗೂ ಗಾಳಿಯ ದಿಕ್ಕು ತೋರುವ ಬಾವುಟಗಳಂತೆ ನೆರವಾಗುತ್ತವೆ. ಏಪ್ರಿಲ್ 2007ರಲ್ಲಿ ಸೂರ್ಯನಿಂದ ಸಿಡಿದ ಪ್ಲಾಸ್ಮಾ ಮೋಡವೊಂದು ಎಂಕೆ ಧೂಮಕೇತುವಿನ ಅಯಾನು ಬಾಲವನ್ನು ಕಿತ್ತೊಯ್ದುದನ್ನು ಸ್ಟೀರಿಯೋ ನೌಕೆ ಚಿತ್ರೀಕರಿಸಿತು.

2014ರಿಂದ 2016ರವರೆಗೆ 67ಪಿ ಧೂಮಕೇತುವಿನ ಜೊತೆಯಲ್ಲಿಯೇ ಸಾಗಿದ ಯೂರೋಪಿನ ರೊಸೆಟಾ ನೌಕೆ, ಸೂರ್ಯನಿಂದ ದೂರವಿದ್ದಾಗ ಬಹುತೇಕ ಬರಿದಾಗಿದ್ದ ನಾಭಿಯ ಸುತ್ತ ಅನಿಲ ಹೆಚ್ಚಿದಂತೆ ಸೌರಮಾರುತ ತಿರುಗಿ ನಿಧಾನಿಸುವುದನ್ನೂ ಆಘಾತ ತರಂಗ ರೂಪುಗೊಳ್ಳುವ ಆರಂಭದ ಹಂತವನ್ನೂ ಅಳೆಯಿತು. ಬೀರ್ಮನ್ ಮತ್ತು ಸಂಗಡಿಗರು ಲೆಕ್ಕದಿಂದ ಕಂಡಿದ್ದ ಕ್ರಿಯೆಯನ್ನು ಹೀಗೆ ಹತ್ತಿರದಿಂದ, ತಿಂಗಳುಗಟ್ಟಲೆ ಗಮನಿಸಲು ಸಾಧ್ಯವಾಯಿತು.